ತಿರುಪು ಬಿಚ್ಚುವ ಮುನ್ನ

ಲ್ಯಾಪ್‌ಟಾಪಿನ ಗರ್ಭದಲ್ಲಿ ಅಂಗೈಯಗಲದ ಲೋಹದ ಪೆಟ್ಟಿಗೆಯೊಂದಿದೆ. ಅದರ ಅಗಲ ಸುಮಾರು 70 ಮಿಲಿಮೀಟರು, ಉದ್ದ 100 ಮಿಲಿಮೀಟರು, ದಪ್ಪ ಯಂತ್ರಕ್ಕೆ ತಕ್ಕಂತೆ 9.5 ಅಥವಾ 7 ಮಿಲಿಮೀಟರು. ತೂಕವೋ ನೂರು ಗ್ರಾಮಿನ ಆಚೀಚೆ. ಮಗುವಿನ ಮೊದಲ ಹೆಜ್ಜೆಯ ಚಿತ್ರ, ತೀರಿಕೊಂಡ ಹಿರಿಯರ ಧ್ವನಿ, ಸಂಶೋಧಕನ ಹಲವು ವರ್ಷಗಳ ಟಿಪ್ಪಣಿ, ವ್ಯಾಪಾರಿಯ ಲೆಕ್ಕ, ಕವಿಯ ಅಚ್ಚಾಗದ ಹಸ್ತಪ್ರತಿ, ಇವೆಲ್ಲವೂ ಒಂದರ ಮಗ್ಗುಲಲ್ಲಿ ಒಂದಾಗಿ, ಕಣ್ಣಿಗೆ ಕಾಣದ ಕಾಂತಬಿಂದುಗಳ ರೂಪದಲ್ಲಿ ಆ ಪುಟ್ಟ ಪೆಟ್ಟಿಗೆಯೊಳಗೆ ನೆಲಸಿರುತ್ತವೆ. ಪೆಟ್ಟಿಗೆ ಕೆಟ್ಟರೆ ಅಂಗಡಿಯಲ್ಲಿ ಇನ್ನೊಂದು ದೊರೆತೀತು. ಅದರೊಳಗಿದ್ದುದು ಯಾವ ಅಂಗಡಿಯಲ್ಲಿಯೂ ದೊರೆಯದು. ಈ ಹಾರ್ಡ್ ಡಿಸ್ಕನ್ನೂ ಅದರ ನೆರೆಯಲ್ಲಿರುವ ಡಿವಿಡಿ ಡ್ರೈವನ್ನೂ ಬದಲಿಸುವ ಕೆಲಸವು ಕೈಚಳಕಕ್ಕಿಂತ ಹೆಚ್ಚಾಗಿ ಕ್ರಮಜ್ಞಾನವನ್ನು ಬೇಡುವಂಥದೆಂದು ನಾನು ಬಲವಾಗಿ ನಂಬಿದ್ದೇನೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಅರಿತವನು ಸಾಮಾನ್ಯ ತಿರುಪುಳಿಯೊಂದರಿಂದಲೇ ಅದನ್ನು ನಿರ್ವಿಘ್ನವಾಗಿ ನೆರವೇರಿಸಬಲ್ಲನು, ಅರಿಯದವನು ಅತ್ಯುತ್ತಮ ಉಪಕರಣಗಳನ್ನು ಹಿಡಿದೂ ಸರ್ವಸ್ವವನ್ನು ಕಳೆದುಕೊಂಡಾನು.

ಈ ಡಿಸ್ಕಿನ ಪೂರ್ವಜನನ್ನು ಒಮ್ಮೆ ಸ್ಮರಿಸಿದರೆ ಇದರ ಸೂಕ್ಷ್ಮತೆ ಮನಸ್ಸಿಗೆ ಹತ್ತುತ್ತದೆ. 1956ರ ಸೆಪ್ಟೆಂಬರಿನಲ್ಲಿ ಐಬಿಎಂ ಸಂಸ್ಥೆಯು, ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ರೆನಾಲ್ಡ್ ಜಾನ್ಸನ್ ಅವರ ನೇತೃತ್ವದಲ್ಲಿ ಸಿದ್ಧವಾದ ರ‍್ಯಾಮ್ಯಾಕ್ ಎಂಬ ಯಂತ್ರವನ್ನು ಲೋಕಕ್ಕೆ ಪ್ರಕಟಿಸಿತು. 24 ಅಂಗುಲ ವ್ಯಾಸದ 50 ಫಲಕಗಳು ಒಂದರ ಮೇಲೊಂದು ನಿಂತು ತಿರುಗುತ್ತಿದ್ದ, ಒಂದು ಟನ್ನಿಗೂ ಮಿಗಿಲಾದ ತೂಕದ ಆ ಮಹಾಕಾಯ ಹಿಡಿದಿಡಬಲ್ಲುದಾಗಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಲ್ಯಾಪ್‌ಟಾಪಿನ ಈ ಎರಡೂವರೆ ಅಂಗುಲದ ಡಿಸ್ಕು ಹುಟ್ಟಿದ್ದು 1988ರಲ್ಲಿ; ಅಮೆರಿಕದ ಪ್ರೇರಿಟೆಕ್ ಕಂಪನಿ ತಂದ ಅದರ ಸಾಮರ್ಥ್ಯ 20 ಮೆಗಾಬೈಟು. ಅದೇ ವರ್ಷ ಫ್ರಾನ್ಸಿನ ಆಲ್ಬರ್ ಫೆರ್ಟ್ ಮತ್ತು ಜರ್ಮನಿಯ ಪೀಟರ್ ಗ್ರುನ್‌ಬರ್ಗ್ ಎಂಬ ಭೌತವಿಜ್ಞಾನಿಗಳು ಪರಸ್ಪರ ಸಂಬಂಧವಿಲ್ಲದೆ ಕಂಡುಕೊಂಡ ಕಾಂತೀಯ ತತ್ತ್ವವೊಂದು ಮುಂದೆ ಅತಿ ಸಣ್ಣ ಕಾಂತಬಿಂದುಗಳನ್ನೂ ಓದಬಲ್ಲ ಶಿರಗಳಿಗೆ ಆಧಾರವಾಯಿತು. 2007ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಅವರಿಬ್ಬರಿಗೆ ಸಂದದ್ದು ಆ ಶೋಧಕ್ಕಾಗಿಯೇ. ಹೀಗೆ ಗಾತ್ರ ಕುಗ್ಗುತ್ತ ಧಾರಣಶಕ್ತಿ ಹಿಗ್ಗುತ್ತ ಬಂದಂತೆಲ್ಲ, ತಪ್ಪಿಗೆ ಇದ್ದ ಅವಕಾಶವೂ ಕುಗ್ಗುತ್ತ ಬಂದಿತು.

ಪೆಟ್ಟಿಗೆಯ ಒಳಗಿನ ವ್ಯಾಪಾರವನ್ನು ನೋಡೋಣ. ಲ್ಯಾಪ್‌ಟಾಪಿನ ಡಿಸ್ಕುಗಳಲ್ಲಿ ಫಲಕವು ಸಾಮಾನ್ಯವಾಗಿ ಗಾಜಿನದು. ಅದರ ಮೇಲೆ ಕಾಂತೀಯ ಲೋಹದ ಅತಿ ತೆಳುವಾದ ಲೇಪ. ಅದು ನಿಮಿಷಕ್ಕೆ 5,400 ಸಲ, ಎಂದರೆ ಸೆಕೆಂಡಿಗೆ 90 ಸಲ ತಿರುಗುವುದರಿಂದ, ಅದರ ಹೊರ ಅಂಚು ಗಂಟೆಗೆ ಅರುವತ್ತು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಧಾವಿಸುತ್ತಿರುತ್ತದೆ. ಓದುವ ಮತ್ತು ಬರೆಯುವ ಶಿರವು ಆ ಧಾವನದಿಂದ ಹುಟ್ಟಿದ ಗಾಳಿಯ ಪದರದ ಮೇಲೆ, ಫಲಕವನ್ನು ಮುಟ್ಟದೆ, ಅದರಿಂದ ಕೆಲವೇ ನ್ಯಾನೋಮೀಟರುಗಳಷ್ಟು ಮೇಲೆ ತೇಲುತ್ತದೆ. ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗವೇ ನ್ಯಾನೋಮೀಟರು. ತಲೆಗೂದಲಿನ ದಪ್ಪ ಅಂಥವು ಸುಮಾರು 80,000. ಹೊಗೆಯ ಕಣವೂ ಆ ಎಡೆಯಲ್ಲಿ ಹಿಡಿಸದು. ಪೆಟ್ಟಿಗೆಯನ್ನು ಮನೆಯಲ್ಲಿ ತೆರೆಯಬಾರದೆನ್ನುವುದು ಇದಕ್ಕಾಗಿಯೇ. ಮೇಲ್ಮುಚ್ಚಳದಲ್ಲಿ ಸಾಸಿವೆಕಾಳಿಗಿಂತ ಕಿರಿದಾದ ರಂಧ್ರವೊಂದಿದ್ದು, ಅದನ್ನು ಮುಚ್ಚಕೂಡದೆಂಬ ಎಚ್ಚರಿಕೆಯೂ ಅಲ್ಲಿಯೇ ಮುದ್ರಿತವಾಗಿರುತ್ತದೆ. ಒಳಗಿನ ಗಾಳಿಯ ಒತ್ತಡವನ್ನು ಹೊರಗಿನದಕ್ಕೆ ಸಮಗೊಳಿಸುವ ಶ್ವಾಸದ್ವಾರವದು, ಅದರ ಹಿಂದೆ ಧೂಳನ್ನು ತಡೆಯುವ ಶೋಧಕವಿದೆ. ಡಿಸ್ಕಿನ ಮೇಲೆ ಹೆಸರುಚೀಟಿ ಅಂಟಿಸಹೊರಟವರು ಈ ರಂಧ್ರವನ್ನು ಮುಚ್ಚಿಬಿಡುವುದುಂಟು. ಮುಚ್ಚಳವೂ ತೆಳುವಾದದ್ದು, ಹೆಬ್ಬೆರಳಿನ ಒತ್ತಡಕ್ಕೆ ತಗ್ಗುವಂಥದು. ಆದುದರಿಂದ ಡಿಸ್ಕನ್ನು ಎತ್ತುವಾಗ ಎರಡು ಬದಿಗಳನ್ನು ಹಿಡಿದೆತ್ತಬೇಕು. ಮೇಲ್ಮೈಯನ್ನೂ ಕೆಳಗೆ ತೆರೆದಿರುವ ಹಸಿರು ವಿದ್ಯುತ್ಫಲಕವನ್ನೂ ಮುಟ್ಟಬಾರದು.

ಆಘಾತದ ವಿಚಾರವನ್ನು ತುಸು ವಿಸ್ತರಿಸುವುದು ಅವಶ್ಯಕ, ಏಕೆಂದರೆ ಜನ ಇದನ್ನು ಬಹಳ ಹಗುರವಾಗಿ ಎಣಿಸುತ್ತಾರೆ. ತಯಾರಕರ ವಿವರಪತ್ರಗಳನ್ನು ನೋಡಿದರೆ, ತಿರುಗುತ್ತಿರುವ ಡಿಸ್ಕು ಒಂದೆರಡು ಮಿಲಿಸೆಕೆಂಡುಗಳ ಕಾಲ ಗುರುತ್ವದ ಮುನ್ನೂರು ನಾನೂರು ಪಟ್ಟಿನಷ್ಟು ಆಘಾತವನ್ನೂ, ನಿಂತ ಡಿಸ್ಕು ಸುಮಾರು ಸಾವಿರ ಪಟ್ಟಿನಷ್ಟನ್ನೂ ತಾಳಬಲ್ಲುದೆಂದು ಕಾಣುತ್ತದೆ. ಇಷ್ಟು ದೊಡ್ಡ ಸಂಖ್ಯೆಗಳನ್ನು ಓದಿದವನಿಗೆ ಡಿಸ್ಕು ವಜ್ರಕಾಯವೆಂಬ ಭ್ರಾಂತಿ ಹುಟ್ಟುವುದು ಸಹಜ. ಆದರೆ ಲೆಕ್ಕ ಹೀಗಿದೆ: ಬಿದ್ದ ಎತ್ತರವನ್ನು, ನಿಲ್ಲಲು ತೆಗೆದುಕೊಂಡ ದೂರದಿಂದ ಭಾಗಿಸಿದರೆ ಸರಾಸರಿ ಆಘಾತ ಗುರುತ್ವದ ಎಷ್ಟು ಪಟ್ಟೆಂಬುದು ದೊರೆಯುತ್ತದೆ. ಕಡಪಾ ಕಲ್ಲಿನ ಕಟ್ಟೆಯ ಮೇಲೆ ಹತ್ತು ಸೆಂಟಿಮೀಟರು ಎತ್ತರದಿಂದ ಜಾರಿದ ಲೋಹದ ಪೆಟ್ಟಿಗೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದೊಳಗೆ ನಿಂತುಬಿಟ್ಟರೆ, ಆಘಾತ ಸಾವಿರ ಪಟ್ಟು. ಅದೇ ಪೆಟ್ಟಿಗೆ ನಾಲ್ಕಾರು ಮಡಿಕೆಯ ನೂಲಿನ ಹಾಸಿನ ಮೇಲೆ ಬಿದ್ದು ಒಂದು ಸೆಂಟಿಮೀಟರು ತಗ್ಗಿ ನಿಂತರೆ, ಹತ್ತು ಪಟ್ಟು ಮಾತ್ರ. ಒಂದು ಗೇಣು ಕೂಡ ಅಲ್ಲದ ಎತ್ತರ. ನಡುವೆ ಹಾಸಿದ ಬಟ್ಟೆಯೊಂದರಿಂದ ನೂರು ಪಟ್ಟಿನ ಅಂತರ. ಕೆಲಸಕ್ಕೆ ಕುಳಿತುಕೊಳ್ಳುವ ಮೊದಲು ಮೇಜಿನ ಮೇಲೆ ದಪ್ಪನಾದ ಹತ್ತಿಯ ಹಾಸನ್ನು ಮಡಿಸಿ ಹರಡಿ ಎಂದು ಹೇಳುವುದಕ್ಕೆ ಇದಕ್ಕಿಂತ ಪ್ರಬಲವಾದ ಕಾರಣ ಬೇಕಿಲ್ಲ.

ವಿಶ್ರಾಂತಿಯಲ್ಲಿ ಶಿರವು ಫಲಕವನ್ನು ಬಿಟ್ಟು ಬದಿಯ ಇಳಿಜಾರು ತಾಣವೊಂದರ ಮೇಲೆ ಏರಿ ಕುಳಿತಿರುತ್ತದೆ. ನಿಂತ ಡಿಸ್ಕಿನ ಸಹನಶಕ್ತಿ ಹೆಚ್ಚಾಗಿರುವುದು ಇದರಿಂದಲೇ. 2003ರಲ್ಲಿ ಐಬಿಎಂ ತನ್ನ ಥಿಂಕ್‌ಪ್ಯಾಡುಗಳಲ್ಲಿಯೂ 2005ರಲ್ಲಿ ಆಪಲ್ ತನ್ನ ಯಂತ್ರಗಳಲ್ಲಿಯೂ ಪತನವನ್ನು ಗ್ರಹಿಸಿ ಶಿರವನ್ನು ಒಡನೆಯೇ ಹಿಂತೆಗೆಯುವ ವ್ಯವಸ್ಥೆಯನ್ನು ಅಳವಡಿಸಿದವು. ಆದರೂ ಆ ಬುದ್ಧಿವಂತಿಕೆಯನ್ನು ನಂಬಿ ಓಡುವ ಯಂತ್ರವನ್ನು ಕೋಣೆಯಿಂದ ಕೋಣೆಗೆ ಒಯ್ಯುವುದು ವಿವೇಕವಲ್ಲ. ಯಂತ್ರವನ್ನು ಆರಿಸಿದ ಮೇಲೂ ಫಲಕವು ಕೆಲವು ಕ್ಷಣ ತಿರುಗುತ್ತಲೇ ಇರುತ್ತದೆ. ಸದ್ದು ಅಡಗುವವರೆಗೆ, ಅರ್ಧ ನಿಮಿಷವಾದರೂ, ಕಾಯತಕ್ಕದ್ದು.

ಈಗ ಕ್ರಮದ ಮೊದಲ ಮೆಟ್ಟಿಲು: ಪ್ರತಿ. ಡಿಸ್ಕು ಆರೋಗ್ಯವಾಗಿದೆಯೇ ಇಲ್ಲವೇ ಎಂಬುದನ್ನು ಅದೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ಎಂಬ ದಾಖಲೆಯಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಮೊದಲಾದ ತಂತ್ರಾಂಶಗಳು ಅದನ್ನು ತೆರೆದು ತೋರಿಸುತ್ತವೆ. ಕೆಟ್ಟುಹೋಗಿ ಬೇರೆಡೆಗೆ ಸ್ಥಳಾಂತರಗೊಂಡ ಸೆಕ್ಟರುಗಳ, ಎಂದರೆ ದಾಖಲೆಯ ಚಿಕ್ಕ ಖಂಡಗಳ, ಸಂಖ್ಯೆ, ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳ ಸಂಖ್ಯೆ, ಈ ಎರಡು ಸೊನ್ನೆಯಾಗಿರುವವರೆಗೆ ಸಾಮಾನ್ಯವಾದ ನಕಲು ಸಾಕು: ಹೊಸ ಡಿಸ್ಕನ್ನು ಯುಎಸ್‌ಬಿ ಕವಚದಲ್ಲಿಟ್ಟು ಹೊರಗಿನಿಂದ ಜೋಡಿಸಿ, ಕ್ಲೋನ್‌ಜಿಲ್ಲಾದಂಥ ತಂತ್ರಾಂಶದಿಂದ ಹಳೆಯದರ ಯಥಾಪ್ರತಿಯನ್ನು ಇಳಿಸಿಕೊಳ್ಳಬಹುದು. ಹೊಸದು ಹಳೆಯದರಷ್ಟೇ ಅಥವಾ ಅದಕ್ಕಿಂತ ಹೆಚ್ಚು ಧಾರಣೆಯುಳ್ಳದಾಗಿರಬೇಕೆಂಬುದೊಂದೇ ಇಲ್ಲಿ ನಿಬಂಧನೆ. ಆ ಸಂಖ್ಯೆಗಳು ಏರುತ್ತಿದ್ದರೆ ಮಾತ್ರ ಬೇರೆಯ ನೀತಿ ಬೇಕು. ಡಿಡಿರೆಸ್ಕ್ಯೂ ಎಂಬ ಮುಕ್ತ ತಂತ್ರಾಂಶದ ನಡೆ ನನಗೆ ಬಹಳ ಪ್ರಿಯವಾದುದು. ಅದು ಕೆಟ್ಟ ಜಾಗದ ಮುಂದೆ ಹಟ ಹಿಡಿದು ನಿಲ್ಲುವುದಿಲ್ಲ. ಸುಲಭವಾಗಿ ಓದಬಹುದಾದುದನ್ನೆಲ್ಲ ಮೊದಲು ಸುರಕ್ಷಿತವಾಗಿ ತೆಗೆದಿರಿಸಿ, ಎಲ್ಲೆಲ್ಲಿ ಎಡವಿತೆಂಬುದನ್ನು ನಕ್ಷೆಯೊಂದರಲ್ಲಿ ಗುರುತಿಸಿಕೊಂಡು, ಅನಂತರವೇ ಆ ಗಾಯಗೊಂಡ ಸ್ಥಳಗಳಿಗೆ ಹಿಂದಿರುಗುತ್ತದೆ. ಸಾಯುತ್ತಿರುವ ಡಿಸ್ಕಿಗೆ ಇನ್ನೆಷ್ಟು ಗಂಟೆಯ ಆಯುಸ್ಸಿದೆಯೆಂದು ಯಾರೂ ಹೇಳಲಾರರಾದುದರಿಂದ, ಆರೋಗ್ಯವಾಗಿರುವ ಭಾಗವನ್ನು ಮೊದಲು ಉಳಿಸಿಕೊಳ್ಳುವುದೇ ನ್ಯಾಯ.

ಡಿಸ್ಕು ಟಿಕ್ ಟಿಕ್ ಎಂದು ತಾಳ ಹಾಕತೊಡಗಿದರೆ ಅಥವಾ ಕೊರೆಯುವ ಸದ್ದು ಮಾಡಿದರೆ ಮನೆಯ ಪ್ರಯೋಗಗಳೆಲ್ಲ ಅಲ್ಲಿಗೆ ಮುಗಿದವೆಂದು ತಿಳಿಯಬೇಕು. ನನ್ನ ಪರಿಚಯದ ನಿವೃತ್ತ ಅಧ್ಯಾಪಕರೊಬ್ಬರು ತಮ್ಮ ಸೀಮೆಯ ಗಾದೆಗಳನ್ನೂ ಬೇಸಾಯದ ಮಾತುಗಳನ್ನೂ ವರ್ಷಗಟ್ಟಲೆ ಸಂಗ್ರಹಿಸಿ ಒಂದೇ ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದರು. ಡಿಸ್ಕು ಸದ್ದು ಮಾಡಿದಾಗ, ಈ ಸಲ ಎದ್ದೀತು, ಮುಂದಿನ ಸಲ ಎದ್ದೀತು ಎಂದು ದಿನವೆಲ್ಲ ಅದನ್ನು ಆರಿಸಿ ಹೊತ್ತಿಸಿ ನೋಡಿದರು. ಪ್ರತಿ ಪ್ರಯತ್ನದಲ್ಲಿಯೂ ಮುರಿದ ಶಿರವು ಫಲಕದ ಲೇಪವನ್ನು ಕೆರೆಯುತ್ತಿತ್ತೆಂಬುದು ಅವರಿಗೆ ತಿಳಿಯುವುದಾದರೂ ಹೇಗೆ? ಆ ಲೇಪವು ಪುಡಿಯಾದ ಮೇಲೆ ಧೂಳುರಹಿತ ಕೊಠಡಿಯ ತಜ್ಞನೂ ಏನನ್ನೂ ಮಾಡಲಾರ. ಡಿಸ್ಕನ್ನು ಶೀತಪೆಟ್ಟಿಗೆಯಲ್ಲಿ ಇಟ್ಟು ತೆಗೆದರೆ ಬದುಕೀತೆಂಬ ಮಾತೊಂದು ಬಹುಕಾಲದಿಂದ ಸುತ್ತಾಡುತ್ತಿದೆ. ತಣ್ಣಗಾದ ಫಲಕವು ಹೊರಗೆ ಬಂದೊಡನೆ ಅದರ ಮೇಲೆ ಹನಿಗಟ್ಟುವ ತೇವ ಉಳಿದಿದ್ದುದನ್ನೂ ಕೆಡಿಸುತ್ತದೆ. ಅಂಥ ಡಿಸ್ಕಿಗೆ ವಿದ್ಯುತ್ತನ್ನು ನಿಲ್ಲಿಸಿ, ಮೆತ್ತಗೆ ಸುತ್ತಿ, ದತ್ತಾಂಶ ಮರಳಿಸುವ ಪ್ರಯೋಗಾಲಯಕ್ಕೆ ಒಪ್ಪಿಸುವುದೊಂದೇ ಮಾರ್ಗ.

ಪ್ರತಿ ಕೈಸೇರಿತೆನ್ನೋಣ. ವಿಂಡೋಸ್ ಯಂತ್ರವಾದರೆ, ಬಿಟ್‌ಲಾಕರ್ ಗೂಢಲಿಪಿ ಚಾಲ್ತಿಯಲ್ಲಿದೆಯೇ ಎಂದು ನೋಡಿ ಅದರ 48 ಅಂಕಿಗಳ ಪುನಃಪ್ರಾಪ್ತಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಡಬೇಕು. ಭಾಗಗಳು ಬದಲಾದ ಯಂತ್ರ ಅದನ್ನು ಕೇಳೀತು, ಕೇಳಿದಾಗ ಇಲ್ಲವೆಂದರೆ ಬಾಗಿಲು ತೆರೆಯದು. ಅದೇ ವಿಂಡೋಸಿನಲ್ಲಿ ಬೇಗ ಏಳುವ ಸಲುವಾಗಿ ಅರೆನಿದ್ರೆಗೆ ಹೋಗುವ ಏರ್ಪಾಡಿರುವುದರಿಂದ, ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ಆರಿಸಿದರೆ ಮಾತ್ರ ಅದು ಪೂರ್ಣವಾಗಿ ಆರುತ್ತದೆ. ಆಮೇಲೆ ಚಾರ್ಜರನ್ನು ಕಿತ್ತು, ಬ್ಯಾಟರಿಯನ್ನು ತೆಗೆದು, ಚಾಲನೆಯ ಗುಂಡಿಯನ್ನು ಹತ್ತಾರು ಸೆಕೆಂಡು ಒತ್ತಿ ಉಳಿದ ವಿದ್ಯುತ್ತನ್ನು ಹರಿದುಹೋಗಗೊಡಬೇಕು. ಬ್ಯಾಟರಿ ಒಳಗೇ ಬಂಧಿತವಾಗಿರುವ ಯಂತ್ರಗಳಲ್ಲಿ, ಹಿಂಬದಿಯ ಮುಚ್ಚಳ ತೆರೆದೊಡನೆ ಮಾಡಬೇಕಾದ ಮೊದಲ ಕೆಲಸವೇ ಅದರ ಸಂಪರ್ಕವನ್ನು ಪ್ಲಾಸ್ಟಿಕ್ಕಿನ ಅಥವಾ ಮರದ ಕಡ್ಡಿಯಿಂದ ಮೇಲಕ್ಕೆತ್ತುವುದು. ಲಿಥಿಯಂ ಬ್ಯಾಟರಿಯ ಬಳಿ ಲೋಹದ ಮೊನೆಯನ್ನು ಒಯ್ಯಲೇಬಾರದು.

ಸ್ಥಿರವಿದ್ಯುತ್ತು ನಮ್ಮ ಕಣ್ಣಿಗೆ ಕಾಣದ ಶತ್ರು. ನಮ್ಮ ಬೆರಳಿಗೆ ಚುರುಕ್ಕೆಂದು ತಿಳಿಯಬೇಕಾದರೆ ಸುಮಾರು 3,000 ವೋಲ್ಟುಗಳಷ್ಟು ಆವೇಶ ಬೇಕು. ಸೂಕ್ಷ್ಮವಾದ ಚಿಪ್ಪುಗಳನ್ನು ಕೆಡಿಸಲು ಅದರ ಒಂದು ಅಲ್ಪಾಂಶ ಸಾಕು, ಆದ್ದರಿಂದ ಹಾನಿ ನಡೆದದ್ದು ನಡೆಸಿದವನಿಗೇ ಗೊತ್ತಾಗುವುದಿಲ್ಲ. ಮಾಘಮಾಸದ ಒಣಹವೆಯಲ್ಲಿ ವಿಜಯಪುರದಲ್ಲಿಯೋ ಕಲಬುರಗಿಯಲ್ಲಿಯೋ ಉಣ್ಣೆಯ ಶಾಲು ಹೊದ್ದು ಈ ಕೆಲಸಕ್ಕೆ ಕುಳಿತವನಿಗೆ ಇರುವ ಅಪಾಯ, ಆಷಾಢದಲ್ಲಿ ಮಂಗಳೂರಿನಲ್ಲಿ ಕುಳಿತವನಿಗೆ ಇಲ್ಲ. ತೇವವುಳ್ಳ ಗಾಳಿ ಆವೇಶವನ್ನು ಕೂಡಗೊಡುವುದಿಲ್ಲ. ಆದರೆ ಆ ಮಂಗಳೂರಿನವನಿಗೆ ತನ್ನದೇ ಆದ ಎಚ್ಚರ ಬೇಕು: ತಣ್ಣನೆಯ ಹವಾನಿಯಂತ್ರಿತ ಕೋಣೆಯಿಂದ ತಂದ ಡಿಸ್ಕು ಹೊರಗಿನ ಉಷ್ಣಕ್ಕೆ ಹೊಂದಿಕೊಳ್ಳುವವರೆಗೆ ಅದಕ್ಕೆ ವಿದ್ಯುತ್ತು ಕೊಡಬಾರದು. ಮಣಿಕಟ್ಟಿಗೆ ಕಟ್ಟುವ, ಒಂದು ಮೆಗಾಓಮ್ ರೋಧಕವುಳ್ಳ ಪಟ್ಟಿಯನ್ನು ಭೂಸಂಪರ್ಕಕ್ಕೆ ಜೋಡಿಸಿಕೊಂಡರೆ ಉತ್ತಮ. ಇಲ್ಲವಾದರೆ ಆಗಾಗ್ಗೆ ಭೂಸಂಪರ್ಕವುಳ್ಳ ಲೋಹವೊಂದನ್ನು ಮುಟ್ಟಿಕೊಳ್ಳುವುದು ಮಧ್ಯಮ. ಹೊಸ ಡಿಸ್ಕು ಬರುವ ಬೂದುಬಣ್ಣದ ಚೀಲ ಸಾಗಣೆಗಾಗಿ ಮಾತ್ರ. ಅದರ ಹೊರಮೈ ವಿದ್ಯುದ್ವಾಹಕವಾಗಿರಬಹುದಾದುದರಿಂದ ಡಿಸ್ಕನ್ನು ಅದರ ಮೇಲಿಟ್ಟು ನಡೆಸಿ ನೋಡಬಾರದು.

ಇನ್ನು ತಿರುಪುಗಳು. ಆಪಲ್ 2012ರ ನಡುವಿನಲ್ಲಿ ಹೊರತಂದು 2016ರವರೆಗೂ ಮಾರಿದ 13 ಅಂಗುಲದ ಮ್ಯಾಕ್‌ಬುಕ್ ಪ್ರೊ ಯಂತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಡಿವಿಡಿ ಡ್ರೈವು ಇದ್ದ ಆ ಕಂಪನಿಯ ಕೊನೆಯ ಲ್ಯಾಪ್‌ಟಾಪು ಅದೇ, ಹಾರ್ಡ್ ಡಿಸ್ಕನ್ನು ಗೃಹಸ್ಥನೇ ಬದಲಿಸಬಹುದಾದ ಕೊನೆಯದೂ ಅದೇ. ಅದರ ತಳದ ಮುಚ್ಚಳಕ್ಕೆ ಹತ್ತು ತಿರುಪುಗಳು. ಮೂರು ಉದ್ದ, ಏಳು ಗಿಡ್ಡ. ಗಿಡ್ಡದರ ಜಾಗದಲ್ಲಿ ಉದ್ದದ್ದನ್ನು ಬಲವಂತವಾಗಿ ತಿರುಗಿಸಿದರೆ ಒಳಗಿನ ವಿದ್ಯುತ್ಫಲಕಕ್ಕೆ ಪೆಟ್ಟು ತಗಲುತ್ತದೆ. ಯಂತ್ರದ ನಕ್ಷೆಯನ್ನು ಒಂದು ಹಾಳೆಯ ಮೇಲೆ ಬರೆದು ಯಾವ ತಿರುಪು ಎಲ್ಲಿಯದೋ ಅಲ್ಲಿಯೇ ಅದನ್ನು ಇಟ್ಟುಕೊಳ್ಳುವ ಹಳೆಯ ರೂಢಿಗಿಂತ ಉತ್ತಮವಾದ ಉಪಾಯ ಇನ್ನೂ ಹುಟ್ಟಿಲ್ಲ. ಡಿಸ್ಕನ್ನು ಹಿಡಿದ ಪಟ್ಟಿಯನ್ನು ಬಿಡಿಸಿದ ಮೇಲೆ, ಅದರ ಬದಿಗಳಲ್ಲಿ ನಾಲ್ಕು ನಕ್ಷತ್ರಮುಖದ ಗೂಟಗಳು ಕಾಣುತ್ತವೆ; ಟಿ6 ಅಳತೆಯ ತಿರುಪುಳಿಯಿಂದ ಅವನ್ನು ಹಳೆಯದರಿಂದ ತೆಗೆದು ಹೊಸದಕ್ಕೆ ಹಾಕಬೇಕು, ಏಕೆಂದರೆ ರಬ್ಬರಿನ ನೆಲೆಗಳಲ್ಲಿ ಡಿಸ್ಕು ಕೂರುವುದು ಅವುಗಳ ಆಧಾರದಿಂದ. ಆ ಯಂತ್ರದ ದುರ್ಬಲವಾದ ಅಂಗವೆಂದರೆ ಡಿಸ್ಕನ್ನು ಮುಖ್ಯಫಲಕಕ್ಕೆ ಸೇರಿಸುವ ಕಾಗದದಂಥ ತಂತಿಪಟ್ಟಿ. ಅದು ಒಂದು ಸಲ ಮಡಿಕೆಬಿದ್ದರೆ, ಅನಂತರ ಹೊಸ ಡಿಸ್ಕೂ ಕೆಟ್ಟದ್ದರಂತೆಯೇ ವರ್ತಿಸುತ್ತದೆ. ಪಟ್ಟಿಯ ದೋಷಕ್ಕೆ ಒಳ್ಳೆಯ ಡಿಸ್ಕುಗಳನ್ನು ಎಸೆದವರು ಅನೇಕರು.

ಡಿಸ್ಕನ್ನು ಯಂತ್ರಕ್ಕೆ ಜೋಡಿಸುವ ಸಾಟಾ ಎಂಬ ಸಂಪರ್ಕದಲ್ಲಿ ದತ್ತಾಂಶಕ್ಕೆ 7, ವಿದ್ಯುತ್ತಿಗೆ 15 ಲೋಹದ ನಾಲಗೆಗಳಿವೆ. ಒಳತಂತಿಯ ಇಂಥ ಸಂಧಿಗೆ ಮಾನದಂಡವು ವಿಧಿಸಿರುವ ಆಯುಸ್ಸು 50 ಸಲದ ಜೋಡಣೆ ಮಾತ್ರವೆಂಬುದನ್ನು ಬಲ್ಲವರು ವಿನೋದಕ್ಕಾಗಿ ಅದನ್ನು ಕಿತ್ತು ಹಾಕುತ್ತಿರುವುದಿಲ್ಲ. ನೇರವಾಗಿ, ಅಲುಗಿಸದೆ, ತಂತಿಯನ್ನಲ್ಲದೆ ಅದರ ತುದಿಯ ಗಟ್ಟಿಯನ್ನು ಹಿಡಿದು ಎಳೆಯಬೇಕು.

ಡಿವಿಡಿ ಡ್ರೈವಿನ ಕಥೆ ಇದಕ್ಕಿಂತ ಸರಳ. ಬಹುತೇಕ ಹಳೆಯ ಲ್ಯಾಪ್‌ಟಾಪುಗಳಲ್ಲಿ ತಳದ ಒಂದೇ ಒಂದು ತಿರುಪನ್ನು ಬಿಚ್ಚಿದರೆ ಅದು ಮೇಜಿನ ಸೆಳೆಖಾನೆಯಂತೆ ಹೊರಕ್ಕೆ ಜಾರಿಬರುತ್ತದೆ. ಕೊಳ್ಳುವಾಗ ದಪ್ಪವನ್ನು ಅಳೆದು ಕೊಳ್ಳಬೇಕು: 12.7 ಮಿಲಿಮೀಟರಿನವೂ 9.5 ಮಿಲಿಮೀಟರಿನವೂ ಇವೆ, ಒಂದರ ಜಾಗಕ್ಕೆ ಇನ್ನೊಂದು ಸಲ್ಲದು. ಮುಂಭಾಗದ ಪ್ಲಾಸ್ಟಿಕ್ ಮುಖವನ್ನು ಹಳೆಯದರಿಂದ ಬಿಡಿಸಿ ಹೊಸದಕ್ಕೆ ತೊಡಿಸಬೇಕಾದೀತು. ಅದರ ಕೊಕ್ಕೆಗಳು ಅತಿ ಸುಕುಮಾರ. ಡಿವಿಡಿಯನ್ನು ಇಡುವ ತಟ್ಟೆ ಹೊರಬರದೆ ಹಟ ಮಾಡಿದರೆ, ಯಂತ್ರವನ್ನು ಆರಿಸಿ, ಮುಂಭಾಗದ ಸೂಜಿರಂಧ್ರದೊಳಕ್ಕೆ ನೆಟ್ಟಗೆ ಮಾಡಿದ ಕಾಗದದ ಕ್ಲಿಪ್ಪನ್ನು ಮೆಲ್ಲನೆ ತಳ್ಳಬೇಕು. ಲ್ಯಾಪ್‌ಟಾಪಿನ ಡ್ರೈವಿನಲ್ಲಿ ಲೇಸರಿನ ಮಸೂರವು ತಟ್ಟೆಯ ಮೇಲೆಯೇ ತೆರೆದಿರುತ್ತದೆ, ಬೆರಳು ಸೋಕಿದರೆ ಜಿಡ್ಡು ಅಂಟುತ್ತದೆ. ಡ್ರೈವಿನ ಕವಚವನ್ನು ಬಿಚ್ಚಿ ನಡೆಸಿ ನೋಡುವ ಕುತೂಹಲ ಮಾತ್ರ ಖಂಡಿತ ಬೇಡ. ಡಿವಿಡಿಯನ್ನು ಓದುವ ಕಿರಣ 650 ನ್ಯಾನೋಮೀಟರಿನ ಕೆಂಪು; ಸಿಡಿಯನ್ನು ಓದುವುದು 780 ನ್ಯಾನೋಮೀಟರಿನದು, ಹೆಚ್ಚುಕಡಿಮೆ ಕಣ್ಣಿಗೆ ಕಾಣದ್ದು. ಬರೆಯುವ ಡ್ರೈವುಗಳಲ್ಲಿ ಅದರ ಶಕ್ತಿ ಕಣ್ಣಿನ ಒಳಪೊರೆಯನ್ನು ಶಾಶ್ವತವಾಗಿ ಸುಡಬಲ್ಲದು, ಕಾಣದ ಕಿರಣಕ್ಕೆ ರೆಪ್ಪೆ ಮುಚ್ಚಿಕೊಳ್ಳುವುದೂ ಇಲ್ಲ.

ಡಿವಿಡಿ ಡ್ರೈವು ಕಾಲಬಾಹಿರವಾಯಿತೆಂದು ಅದನ್ನು ಕಿತ್ತೊಗೆಯಹೊರಟವರಿಗೆ ನನ್ನದೊಂದು ವಿಜ್ಞಾಪನೆಯಿದೆ. ಈ ಶತಮಾನದ ಮೊದಲ ಹದಿನೈದು ವರ್ಷಗಳಲ್ಲಿ ನಮ್ಮ ನಾಡಿನ ಛಾಯಾಚಿತ್ರಕಾರರು ಮದುವೆ, ಉಪನಯನ, ಷಷ್ಟಿಪೂರ್ತಿಗಳನ್ನು ಒಪ್ಪಿಸುತ್ತಿದ್ದುದು ಸಿಡಿ, ಡಿವಿಡಿಗಳಲ್ಲಿಯೇ. ಅವು ಬೀರುವಿನ ಸೀರೆಗಳ ನಡುವೆ ಇನ್ನೂ ಇವೆ. ಮನೆಯಲ್ಲಿ ಅವನ್ನು ಓದಬಲ್ಲ ಯಂತ್ರ ಇದೊಂದೇ ಆಗಿರಬಹುದು. ಬರೆಯಬಹುದಾದ ತಟ್ಟೆಗಳಲ್ಲಿ ದಾಖಲೆ ನಿಂತಿರುವುದು ಒಂದು ಬಗೆಯ ಸಾವಯವ ಬಣ್ಣದ ಪದರದಲ್ಲಿ. ಬಿಸಿಲಿಗೂ ಸೆಕೆಗೂ ಅದು ಮಾಸುತ್ತದೆ. ಡ್ರೈವನ್ನು ಬಿಚ್ಚುವ ಮೊದಲು ಅವೆಲ್ಲದರ ಪ್ರತಿಯನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಿ. ತಟ್ಟೆಯನ್ನು ಅಂಚಿನಲ್ಲಿಯೂ ನಡುರಂಧ್ರದಲ್ಲಿಯೂ ಹಿಡಿಯಬೇಕು, ಒರೆಸುವಾಗ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕೇ ಹೊರತು ಸುತ್ತುಸುತ್ತಾಗಿ ಅಲ್ಲ. ಸಿಡಿಯಲ್ಲಿ ಹೊಳೆಯುವ ಮುಖಕ್ಕಿಂತ ಹೆಸರು ಬರೆದ ಮುಖವೇ ಹೆಚ್ಚು ಅಪಾಯಕ್ಕೆ ಒಡ್ಡಿಕೊಂಡದ್ದು. ದಾಖಲೆಯ ಪದರ ಆ ಮುಖದ ಕೂಡಲೇ ಕೆಳಗಿದೆ. ಬಿರುಕುಬಿಟ್ಟ ತಟ್ಟೆಯನ್ನು ಡ್ರೈವಿಗೆ ಹಾಕಬೇಡಿ, ವೇಗದ ಸುತ್ತಿನಲ್ಲಿ ಅದು ಚೂರಾಗುವುದುಂಟು.

ಪ್ರತಿಗಳಾದ ಮೇಲೆ ಡಿವಿಡಿ ಡ್ರೈವನ್ನು ತೆಗೆದು, ಆ ಖಾಲಿ ಜಾಗಕ್ಕೆ ಕ್ಯಾಡಿ ಎಂಬ ಚೌಕಟ್ಟನ್ನು ತೂರಿಸಿ ಅದರಲ್ಲಿ ಇನ್ನೊಂದು ಡಿಸ್ಕನ್ನು ಇಡುವ ಪದ್ಧತಿ ಪ್ರಚಾರದಲ್ಲಿದೆ. ತಿರುಗುವ ಡಿಸ್ಕನ್ನು ಕ್ಯಾಡಿಗೆ ಸರಿಸಿ, ಚಿಪ್ಪುಗಳಲ್ಲಿ ದಾಖಲೆ ಇಡುವ ಹೊಸ ಎಸ್‌ಎಸ್‌ಡಿಯನ್ನು ಮೂಲಸ್ಥಾನದಲ್ಲಿ ಕೂರಿಸುವವರೇ ಹೆಚ್ಚು. ಎರಡೂ ಸ್ಥಾನಗಳ ವೇಗ ಸಮಾನವಾಗಿದ್ದರೆ ನನ್ನ ಅಭಿಮತ ಇದಕ್ಕೆ ವಿರುದ್ಧ: ಚಲಿಸುವ ಅಂಗಗಳೇ ಇಲ್ಲದ ಎಸ್‌ಎಸ್‌ಡಿ ಎಲ್ಲಿದ್ದರೂ ಸುಖಿ, ಆಘಾತಭೀರುವಾದ ಹಾರ್ಡ್ ಡಿಸ್ಕು ರಬ್ಬರಿನ ಆಸರೆಯುಳ್ಳ ತನ್ನ ಸ್ವಸ್ಥಾನದಲ್ಲಿಯೇ ಇರಲಿ.

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಇಕ್ಕಟ್ಟಾದ ಅಂಗಡಿಗಳಲ್ಲಿ ಈ ಎಲ್ಲ ಭಾಗಗಳೂ ದೊರೆಯುತ್ತವೆ. ಅಲ್ಲಿನ ತರುಣರ ಕೈಗಳು ದಿನವಿಡೀ ಈ ಕೆಲಸವನ್ನೇ ಮಾಡುತ್ತಿರುತ್ತವೆ. ಭಾರತ ಸರ್ಕಾರವು 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಜಾಲತಾಣವೊಂದನ್ನು ತೆರೆದದ್ದು ಸ್ವಾಗತಾರ್ಹ. ಆದರೆ ಸ್ಮೃತಿಚಿಪ್ಪನ್ನು ಮುಖ್ಯಫಲಕಕ್ಕೇ ಬೆಸೆದುಬಿಡುವ ಈಚಿನ ಯಂತ್ರಗಳಲ್ಲಿ ಬದಲಿಸುವ ಮಾತೇ ಇಲ್ಲ. ಫಲಕ ಸತ್ತರೆ ನೆನಪೂ ಸತ್ತಂತೆ. ತಿರುಪು ಬಿಚ್ಚಬಹುದಾದ ಯಂತ್ರವನ್ನೇ ಆರಿಸಿ ಕೊಳ್ಳುವುದು ಗ್ರಾಹಕನ ಕೈಯಲ್ಲಿರುವ ದೊಡ್ಡ ಅಧಿಕಾರ.

ಹೊಸ ಡಿಸ್ಕು ಕೆಲಸಕ್ಕೆ ತೊಡಗಿದ ಮೇಲೆ ಹಳೆಯದನ್ನು ಆ ದಿನವೇ ಅಳಿಸಬೇಡಿ. ಕೆಲವು ವಾರ ಅದು ಪೆಟ್ಟಿಗೆಯಲ್ಲಿ ಸುಮ್ಮನಿರಲಿ. ಅಷ್ಟರಲ್ಲಿ ಹೊಸದರಿಂದ ಹಳೆಯ ಕಡತಗಳನ್ನು ಅಲ್ಲೊಂದು ಇಲ್ಲೊಂದು ತೆರೆದು, ಚಿತ್ರಗಳು ಪೂರ್ಣವಾಗಿ ಮೂಡುತ್ತವೆಯೇ, ಧ್ವನಿ ಕೊನೆಯವರೆಗೆ ಕೇಳುತ್ತದೆಯೇ ಎಂದು ಪರೀಕ್ಷಿಸಿ, ಮೂರನೆಯ ಪ್ರತಿಯೊಂದನ್ನು ಬೇರೊಂದು ಮನೆಯಲ್ಲಿ ಇರಿಸಿ. ಅನಂತರ ಹಳೆಯದರ ಮೇಲೆ ಆದಿಯಿಂದ ಅಂತ್ಯದವರೆಗೆ ಒಂದು ಸಲ ಸೊನ್ನೆಗಳನ್ನು ಬರೆದರೆ ಸಾಕು. ಎಸ್‌ಎಸ್‌ಡಿಯಾದರೆ ತಯಾರಕರೇ ಕೊಡುವ ಅಳಿಸುವ ಆಜ್ಞೆಯನ್ನು ಬಳಸಬೇಕು. ಸುತ್ತಿಗೆಯಿಂದ ಒಡೆಯಹೋಗಬೇಡಿ, ಒಳಗಿರುವುದು ಗಾಜು. ವಿದ್ಯುನ್ಮಾನ ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅಳಿಸಿದ ಡಿಸ್ಕನ್ನು ಮನೆಯ ಕಸದೊಡನೆ ಬೆರೆಸದೆ, ನೋಂದಾಯಿತ ಮರುಬಳಕೆ ಸಂಸ್ಥೆಗೆ ಒಪ್ಪಿಸಿ.